ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಸೋಂಕಿನ ಬಗ್ಗೆ ಓದುಗರ ಪ್ರಶ್ನೆಗಳು, ವೈದ್ಯರ ಉತ್ತರಗಳು

ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ಆತಂಕವನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳಿವೆ: ಆಸ್ಪತ್ರೆಯಲ್ಲಿ ತಗುಲಿದ ಸೋಂಕು ರೋಗಿಯ ಜೊತೆಗೆ ಮನೆಗೂ ಬರುತ್ತದೆಯೆ, ಬಂದರೆ ಉಳಿದವರಿಗೆ ಹರಡದಂತೆ ತಡೆಯುವುದು ಹೇಗೆ? ಆಸ್ಪತ್ರೆಗೆ ಸೇರುವಾಗ ಇರದೆ, ಸೇರಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯ ಸೋಂಕು ಎಂದು ಪರಿಗಣಿಸುತ್ತಾರೆ. ಶಸ್ತ್ರಚಿಕಿತ್ಸೆಯ ಗಾಯದ ವಿಷಯದಲ್ಲಿ ಈ ಲೆಕ್ಕ 30 ದಿನಗಳವರೆಗೆ, ಕೃತಕ ಕೀಲಿನಂತಹ ವಸ್ತುವನ್ನು ದೇಹದೊಳಗೆ ಇಟ್ಟಿದ್ದರೆ 90 ದಿನಗಳವರೆಗೆ ಹೋಗುತ್ತದೆ. ಹಾಗಾಗಿ ಎಷ್ಟೋ ಸೋಂಕುಗಳು ತಲೆ ಎತ್ತುವುದೇ ರೋಗಿ ಮನೆಗೆ ಬಂದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಆಸ್ಪತ್ರೆಗೆ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಇಂತಹ ಒಂದಾದರೂ ಸೋಂಕು ತಗಲುತ್ತದೆ. ಆದ್ದರಿಂದ ಇದು ಯಾವುದೋ ಒಂದು ಆಸ್ಪತ್ರೆಯ ಅಥವಾ ಒಂದು ಮನೆಯ ದುರದೃಷ್ಟವಲ್ಲ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು, ಊರುಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ನಮ್ಮ ತಂದೆಯವರಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಕಾಲಿನ ಹುಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರು. ಕೀವಿನ ಕಲ್ಚರ್ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ರಿಪೋರ್ಟಿನಲ್ಲಿ ಎಂಆರ್‌ಎಸ್‌ಎ ಎಂದು ಬಂದಿದೆ. ಅಲ್ಲಿ ನರ್ಸುಗಳು ಗೌನು, ಗ್ಲೌಸು ಹಾಕಿಕೊಂಡೇ ಹತ್ತಿರ ಬರುತ್ತಿದ್ದರು. ಮನೆಯಲ್ಲಿ ಐದು ತಿಂಗಳ ಮಗು ಇದೆ. ಹೆದರಿ ತಂದೆಯವರಿಗೆ ಬೇರೆ ಕೋಣೆ, ಬೇರೆ ತಟ್ಟೆ ಲೋಟ ಮಾಡಿದ್ದೇವೆ. ಅವರು ಬಹಳ ನೊಂದುಕೊಂಡಿದ್ದಾರೆ. ನಾವು ಮಾಡಿದ್ದು ಸರಿಯೆ? (ಹುಬ್ಬಳ್ಳಿ)

ಮೊದಲು ಆ ತಟ್ಟೆ ಲೋಟಗಳನ್ನು ಅಡುಗೆಮನೆಯ ಉಳಿದ ಪಾತ್ರೆಗಳ ಜೊತೆಗೆ ಸೇರಿಸಿಬಿಡಿ. ಈ ರೋಗಾಣು ಊಟದ ತಟ್ಟೆಯ ಮೂಲಕ ಹರಡುವಂಥದ್ದಲ್ಲ; ಎಂದಿನಂತೆ ಸೋಪು ನೀರಿನಲ್ಲಿ ತೊಳೆದ ಪಾತ್ರೆಯನ್ನು ಯಾರು ಬೇಕಾದರೂ ಬಳಸಬಹುದು. ಬೇರೆ ಕೋಣೆಯ ಅಗತ್ಯವೂ ಇಲ್ಲ, ಹಾಸಿಗೆ ಮಾತ್ರ ಬೇರೆ ಇದ್ದರೆ ಸಾಕು. ನೀವು ಹೆದರಿದ್ದರಲ್ಲಿ ತಪ್ಪಿಲ್ಲ. ಆದರೆ ತಟ್ಟೆಯನ್ನು ಬೇರೆ ಮಾಡಿ, ಕೈತೊಟ್ಟಿಯ ಪಕ್ಕದ ಗೂಟಕ್ಕೆ ನೇತುಹಾಕಿದ ಒಂದೇ ಟವೆಲಿನಲ್ಲಿ ಇಡೀ ಮನೆ ಕೈ ಒರೆಸಿಕೊಳ್ಳುವ ಕುಟುಂಬಗಳನ್ನು ನಾನು ಬಹಳ ಕಂಡಿದ್ದೇನೆ. ರೋಗಾಣು ಹಾದು ಹೋಗುವ ದಾರಿ ಆ ಟವೆಲು.

ಎಂಆರ್‌ಎಸ್‌ಎ ಎಂಬುದು ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿ. ಈ ಬ್ಯಾಕ್ಟೀರಿಯಾ ನಮಗೆ ಹೊಸದೇನಲ್ಲ; ಆರೋಗ್ಯವಂತರಲ್ಲಿ ಹತ್ತಕ್ಕೆ ಸುಮಾರು ಮೂವರ ಮೂಗಿನೊಳಗೆ ಅದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಮೆಥಿಸಿಲಿನ್ ಎಂಬ ಔಷಧ 1959ರಲ್ಲಿ ಬಳಕೆಗೆ ಬಂದು, ಎರಡೇ ವರ್ಷಗಳಲ್ಲಿ, 1961ರಲ್ಲಿ, ಅದಕ್ಕೆ ಜಗ್ಗದ ತಳಿ ಬ್ರಿಟನ್ನಿನಲ್ಲಿ ವರದಿಯಾಯಿತು. ಅದೇ ಎಂಆರ್‌ಎಸ್‌ಎ. ಉಳಿದ ಸ್ಟೆಫೈಲೊಕಾಕಸ್‌ಗಿಂತ ಇದು ಹೆಚ್ಚು ಸುಲಭವಾಗಿ ಅಂಟುತ್ತದೆ ಎಂದೇನಿಲ್ಲ. ಅಂಟಿ ಕಾಯಿಲೆ ಮಾಡಿದರೆ ಸಾಮಾನ್ಯ ಔಷಧಗಳಿಗೆ ಬಗ್ಗುವುದಿಲ್ಲ ಎಂಬುದೇ ಅದರ ಕಷ್ಟ.

ಆಸ್ಪತ್ರೆಯಲ್ಲಿ ಗೌನು, ಗ್ಲೌಸು ಹಾಕುವುದಕ್ಕೆ ಕಾರಣವೇ ಬೇರೆ. ಅಲ್ಲಿನ ನರ್ಸು ನಿಮ್ಮ ತಂದೆಯವರ ಡ್ರೆಸ್ಸಿಂಗ್ ಮುಗಿಸಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಆ ಹಾಸಿಗೆಯಲ್ಲಿ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರೋ, ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರೋ ಇರುತ್ತಾರೆ. ಅಲ್ಲಿ ರೋಗಾಣುವಿಗೆ ಒಳಗೆ ನುಗ್ಗಲು ತೆರೆದ ಬಾಗಿಲುಗಳಿವೆ. ಮನೆಯಲ್ಲಿರುವ ಆರೋಗ್ಯವಂತರ ಇಡೀ ಚರ್ಮವೇ ಮುಚ್ಚಿದ ಬಾಗಿಲು. ಇದೇ ಲೆಕ್ಕದಲ್ಲಿ ನೋಡಿದರೆ ಮನೆಯಲ್ಲಿ ಯಾರ ಬಗ್ಗೆ ಹೆಚ್ಚು ಎಚ್ಚರ ಬೇಕು ಎಂಬುದೂ ತಿಳಿಯುತ್ತದೆ: ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು, ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿರುವವರು, ಇತ್ತೀಚೆಗೆ ಸಿಸೇರಿಯನ್ ಆದ ಬಾಣಂತಿ, ಕಜ್ಜಿ ಅಥವಾ ಇಸಬಿನಿಂದ ಚರ್ಮ ಒಡೆದವರು, ಮತ್ತು ನಿಮ್ಮ ಮನೆಯಲ್ಲಿರುವಂತಹ ಎಳೆ ಕೂಸುಗಳು.

ಮಗುವನ್ನು ಅಜ್ಜನಿಂದ ದೂರವಿಡಬೇಕಾಗಿಲ್ಲ. ಅಜ್ಜನ ಗಾಯವನ್ನು ಪೂರ್ತಿಯಾಗಿ ಮುಚ್ಚಿ ಪಟ್ಟಿ ಕಟ್ಟಿರಬೇಕು, ಪಟ್ಟಿ ಕೀವಿನಿಂದ ನೆನೆದಿರಬಾರದು, ಅವರು ಕೈಯನ್ನು ಸೋಪಿನಿಂದ ತೊಳೆದುಕೊಂಡಿರಬೇಕು. ಇಷ್ಟಾದರೆ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿ. ಗಾಯದಿಂದ ರಸ ಒಸರುತ್ತಿರುವಷ್ಟು ದಿನ ಅದೇ ಹಾಸಿಗೆಯಲ್ಲಿ ಮಗುವನ್ನು ಮಲಗಿಸಬೇಡಿ. ಟವೆಲು, ರೇಜರು, ಬಾಚಣಿಗೆ, ಉಗುರು ಕತ್ತರಿ, ಹೊದಿಕೆ ಇವು ಅವರಿಗೇ ಮೀಸಲಾಗಿರಲಿ. ಬಟ್ಟೆಯನ್ನು ಉಳಿದವರ ಬಟ್ಟೆಯೊಂದಿಗೆ ಒಗೆಯಬಹುದು, ಆದರೆ ಕೀವು, ರಕ್ತ ತಗುಲಿದ ಬಟ್ಟೆಯನ್ನು ಬೇರೆಯಾಗಿ, 60 ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿ ಮಾರ್ಜಕ ಹಾಕಿ ಒಗೆದು ಚೆನ್ನಾಗಿ ಒಣಗಿಸಿ. ಒಗೆಯುವ ಮೊದಲು ಬಟ್ಟೆಯನ್ನು ಕೊಡವಬೇಡಿ, ಎದೆಗೆ ಅವುಚಿಕೊಂಡು ಒಯ್ಯಲೂಬೇಡಿ.

ಕೈ ತೊಳೆಯುವ ಮಾತನ್ನು ಎಲ್ಲರೂ ಹೇಳುತ್ತಾರೆ, ಯಾವಾಗ ಎಂದು ಹೇಳುವುದಿಲ್ಲ. ಪಟ್ಟಿ ಬಿಚ್ಚುವ ಮೊದಲು ಒಮ್ಮೆ, ಹಳೆಯ ಪಟ್ಟಿಯನ್ನು ತೆಗೆದು ಚೀಲಕ್ಕೆ ಹಾಕಿದ ಮೇಲೆ ಹೊಸದನ್ನು ಮುಟ್ಟುವ ಮುನ್ನ ಇನ್ನೊಮ್ಮೆ, ಎಲ್ಲ ಮುಗಿದ ಮೇಲೆ ಮತ್ತೊಮ್ಮೆ. ಮನೆಗಳಲ್ಲಿ ತಪ್ಪಿಹೋಗುವುದು ನಡುವಿನ ಈ ತೊಳೆತವೇ. ಗ್ಲೌಸು ಹಾಕಿದ್ದರೂ ಅದನ್ನು ತೆಗೆದ ಮೇಲೆ ಕೈ ತೊಳೆಯಬೇಕು, ಏಕೆಂದರೆ ತೆಗೆಯುವಾಗಲೇ ಕೈಗೆ ಮೆತ್ತಿಕೊಳ್ಳುತ್ತದೆ. ಸೋಪಿನಿಂದ ತೊಳೆದು ಒರೆಸಿ ಮುಗಿಸಲು 40ರಿಂದ 60 ಸೆಕೆಂಡು ಹಿಡಿಯಬೇಕು. ಹೆಬ್ಬೆರಳು, ಬೆರಳ ಸಂದು, ಉಗುರಿನ ತುದಿ ಈ ಮೂರನ್ನು ಬಿಟ್ಟುಬಿಡುವುದು ನಮ್ಮೆಲ್ಲರ ಅಭ್ಯಾಸ. ಸೋಪಿನ ಬಿಲ್ಲೆಯನ್ನು ನೀರು ನಿಲ್ಲದ ಡಬ್ಬಿಯಲ್ಲಿಡಿ. ನಮ್ಮ ಮನೆಗಳಲ್ಲಿ ಮಡಿ ಮೈಲಿಗೆಯ ಎಚ್ಚರ ಸಾಕಷ್ಟಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮಡಿಯುಟ್ಟವರ ಕೈಯೂ ಸೋಪು ಕಾಣದಿದ್ದರೆ ರೋಗಾಣುವಿನ ಪಾಲಿಗೆ ಬರಿಯ ಕೈಯೇ.

ಇನ್ನೊಂದು ಮಾತು. ಮೈಮೇಲೆ, ಮೂಗಿನಲ್ಲಿ ಉಳಿದುಕೊಂಡ ಎಂಆರ್‌ಎಸ್‌ಎಯನ್ನು ನಿವಾರಿಸುವ ಕ್ರಮವೂ ಇದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಿಂದ ಬಿಡುಗಡೆಯಾದ 2,121 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧದಷ್ಟು ಮಂದಿಗೆ ಸ್ವಚ್ಛತೆಯ ತಿಳಿವಳಿಕೆಯನ್ನು ಮಾತ್ರ ಕೊಟ್ಟರು. ಉಳಿದವರಿಗೆ ಅದರ ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣದ ಸ್ನಾನ, ಬಾಯಿ ಮುಕ್ಕಳಿಸುವ ದ್ರಾವಣ, ಮೂಗಿಗೆ ಮ್ಯುಪಿರೊಸಿನ್ ಎಂಬ ಆಂಟಿಬಯಾಟಿಕ್ ಮುಲಾಮು ಇವುಗಳನ್ನು ತಿಂಗಳಿಗೆ ಎರಡು ಬಾರಿ, ಪ್ರತಿ ಬಾರಿ ಐದು ದಿನ, ಆರು ತಿಂಗಳ ಕಾಲ ಕೊಟ್ಟರು. ಎರಡನೆಯ ಗುಂಪಿನಲ್ಲಿ ಎಂಆರ್‌ಎಸ್‌ಎ ಸೋಂಕಿನ ಅಪಾಯ ಸುಮಾರು ಶೇಕಡಾ 30ರಷ್ಟು ಕಡಿಮೆಯಾಯಿತು. ಆದರೆ ಇದನ್ನು ಓದಿ ಔಷಧದ ಅಂಗಡಿಗೆ ಹೋಗಿ ಮುಲಾಮು ತಂದು ಹಚ್ಚಬೇಡಿ. ಮನಬಂದಂತೆ ಹಚ್ಚಿದರೆ ಆ ಮುಲಾಮಿಗೂ ಜಗ್ಗದ ತಳಿ ಹುಟ್ಟುತ್ತದೆ. ನಿಮ್ಮ ತಂದೆಯವರಿಗೆ ಅದು ಬೇಕೆ ಎಂಬುದನ್ನು, ಗಾಯದ ಸ್ಥಿತಿಯನ್ನು ಕಂಡ ವೈದ್ಯರೇ ಹೇಳಬೇಕು. ಮನೆಯ ಉಳಿದವರ ಮೂಗಿನ ಪರೀಕ್ಷೆ ಮಾಡಿಸುವ ಅಗತ್ಯ ಸದ್ಯಕ್ಕೆ ಇಲ್ಲ. ಯಾರಿಗಾದರೂ ಪದೇ ಪದೇ ಕುರು ಏಳತೊಡಗಿದರೆ ಮಾತ್ರ ತೋರಿಸಿ, ತೋರಿಸುವಾಗ ತಂದೆಯವರ ರಿಪೋರ್ಟನ್ನೂ ಒಯ್ಯಿರಿ.

ಅಮ್ಮ ಐಸಿಯುನಲ್ಲಿ ಹನ್ನೊಂದು ದಿನ ಇದ್ದು ಬಂದರು. ಬಂದ ಮೇಲೆ ವಿಪರೀತ ಭೇದಿ. ಪರೀಕ್ಷೆಯಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂದು ತಿಳಿಯಿತು, ಔಷಧ ನಡೆಯುತ್ತಿದೆ. ಮನೆಯಲ್ಲಿ ಒಂದೇ ಶೌಚಾಲಯ. ಎಲ್ಲ ಕಡೆ ಸ್ಯಾನಿಟೈಸರ್ ಬಾಟಲಿ ಇಟ್ಟಿದ್ದೇವೆ. ಸಾಕೆ? (ಮೈಸೂರು)

ಸಾಲದು. ಈ ರೋಗಾಣುವಿನ ವಿಷಯದಲ್ಲಿ ಸ್ಯಾನಿಟೈಸರನ್ನು ನಂಬಿ ಕೂತರೆ ಮೋಸಹೋಗುತ್ತೀರಿ. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ದೇಹದಿಂದ ಹೊರಗೆ ಬಂದಾಗ ಗಟ್ಟಿ ಕವಚ ತೊಟ್ಟ ಬೀಜಕಣಗಳ ರೂಪದಲ್ಲಿರುತ್ತದೆ. ಸ್ಯಾನಿಟೈಸರಿನಲ್ಲಿರುವ ಮದ್ಯಸಾರ ಆ ಕವಚವನ್ನು ಭೇದಿಸಲಾರದು. ಬೀಜಕಣಗಳು ಒಣ ಜಾಗದಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಸೋಪು ಕೂಡ ಅವನ್ನು ಕೊಲ್ಲುವುದಿಲ್ಲ. ಆದರೆ ಉಜ್ಜಿ ತೊಳೆದಾಗ ಅವು ಕೈಯಿಂದ ಜಾರಿ ನೀರಿನೊಂದಿಗೆ ಹೋಗುತ್ತವೆ, ನಮಗೆ ಬೇಕಾದದ್ದು ಅಷ್ಟೇ.

ಭೇದಿಯ ರೋಗಿ ಇರುವ ನಮ್ಮಂಥವರ ಮನೆಗಳಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಶೌಚಕ್ಕೆ ನಾವು ನೀರು ಬಳಸುತ್ತೇವೆ. ಎಡಗೈಯಲ್ಲಿ ತೊಳೆದುಕೊಂಡು, ಅದೇ ಕೈಯಲ್ಲಿ ನಲ್ಲಿ ತಿರುಗಿಸಿ, ಚೊಂಬಿನ ಹಿಡಿ ಹಿಡಿದು, ಜೆಟ್ ಸ್ಪ್ರೇಯ ಗುಂಡಿ ಒತ್ತಿ, ಫ್ಲಶ್ ಎಳೆದು, ಚಿಲಕ ತೆಗೆದು ಹೊರಗೆ ಬಂದ ಮೇಲೆ ಕೈತೊಟ್ಟಿಗೆ ಹೋಗುತ್ತೇವೆ. ಕೈಯನ್ನು ಎಷ್ಟೇ ಚೆನ್ನಾಗಿ ತೊಳೆದರೂ ಈ ಐದು ಜಾಗಗಳಲ್ಲಿ ಬೀಜಕಣ ಉಳಿದಿರುತ್ತದೆ, ಮುಂದೆ ಹೋದವರು ಅದನ್ನು ಎತ್ತಿಕೊಂಡು ಬರುತ್ತಾರೆ. ಆದ್ದರಿಂದ ಶೌಚಾಲಯದ ಒಳಗೇ ದ್ರವ ಸೋಪಿನ ಬಾಟಲಿ ಇಟ್ಟು, ಚಿಲಕ ಮುಟ್ಟುವ ಮೊದಲೇ ಅಮ್ಮ ಕೈ ತೊಳೆಯುವಂತೆ ಮಾಡಿ. ಅವರಿಗೇ ಬೇರೆ ಚೊಂಬು ಅಥವಾ ಮಗ್ ಇಡಿ. ಕಮೋಡಿಗೆ ಮುಚ್ಚಳವಿದ್ದರೆ ಮುಚ್ಚಿ ಫ್ಲಶ್ ಮಾಡಲಿ.

ಶೌಚಾಲಯವನ್ನು ಒರೆಸಲು ಫಿನಾಯಿಲು ಸಾಲದು, ಕ್ಲೋರಿನ್ ಬೇಕು. ಅಂಗಡಿಯಲ್ಲಿ ಸಿಗುವ ಬ್ಲೀಚ್ ದ್ರಾವಣದ ಬಾಟಲಿಯ ಮೇಲೆ ಸೋಡಿಯಂ ಹೈಪೊಕ್ಲೋರೈಟ್ ಶೇಕಡಾ 5 ಎಂದಿದ್ದರೆ, ಒಂದು ಲೋಟ ದ್ರಾವಣಕ್ಕೆ ಒಂಬತ್ತು ಲೋಟ ನೀರು ಬೆರೆಸಿ. ಮೊದಲು ಸೋಪು ನೀರಿನಿಂದ ಕೊಳೆ ತೆಗೆದು, ಆಮೇಲೆ ಈ ದ್ರಾವಣ ಹಚ್ಚಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ತೊಳೆಯಿರಿ. ಕೊಳೆಯ ಮೇಲೆ ನೇರವಾಗಿ ಸುರಿದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಕೊಳೆಯಲ್ಲೇ ಕರಗಿಹೋಗುತ್ತದೆ. ಬೆರೆಸಿದ್ದನ್ನು ಅದೇ ದಿನ ಬಳಸಿ, ಮಾರನೆಯ ದಿನಕ್ಕೆ ಇಡಬೇಡಿ. ಕೈಗೆ ಗ್ಲೌಸು ಹಾಕಿ, ಕಿಟಕಿ ತೆರೆದಿಡಿ. ಮತ್ತು ದಯವಿಟ್ಟು ಗಮನಿಸಿ: ಕಮೋಡ್ ತೊಳೆಯುವ ಆ್ಯಸಿಡ್ ಅಥವಾ ಆಮ್ಲವಿರುವ ಕ್ಲೀನರನ್ನು ಬ್ಲೀಚಿನ ಜೊತೆಗೆ ಎಂದೂ ಸೇರಿಸಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಬಚ್ಚಲುಮನೆಯಲ್ಲಿ ಅದು ಶ್ವಾಸಕೋಶವನ್ನು ಸುಡುವಷ್ಟು ಅಪಾಯಕಾರಿ.

ಮನೆಯ ಆರೋಗ್ಯವಂತರಿಗೆ ಬೀಜಕಣ ಹೊಟ್ಟೆ ಸೇರಿದರೂ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ, ಏಕೆಂದರೆ ಕರುಳಿನಲ್ಲಿ ಮೊದಲೇ ಮನೆಮಾಡಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅದಕ್ಕೆ ಜಾಗ ಕೊಡುವುದಿಲ್ಲ. ಆಂಟಿಬಯಾಟಿಕ್ ತೆಗೆದುಕೊಂಡಾಗ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ನಿಮ್ಮ ತಾಯಿಯವರಿಗೆ ಆದದ್ದೂ ಇದೇ ಇರಬೇಕು. ಹಾಗಾಗಿ ಈ ಕೆಲವು ವಾರಗಳಲ್ಲಿ ಮನೆಯಲ್ಲಿ ಯಾರೂ ಶೀತ, ನೆಗಡಿಗೆಂದು ಆಂಟಿಬಯಾಟಿಕ್ ನುಂಗಬೇಡಿ. ವೈದ್ಯರು ಬರೆದುಕೊಟ್ಟರೆ, ಮನೆಯಲ್ಲಿ ಇಂತಹ ರೋಗಿ ಇದ್ದಾರೆ ಎಂದು ಹೇಳಿ. ಭೇದಿ ಪೂರ್ತಿ ನಿಂತು ಎರಡು ದಿನ ಕಳೆಯುವವರೆಗೆ ಅಮ್ಮ ಅಡುಗೆಮನೆಯ ಕೆಲಸಕ್ಕೆ ಕೈಹಾಕದಿರಲಿ. ಭೇದಿ ಕಟ್ಟುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಗುಣವಾದ ಮೇಲೂ ಸುಮಾರು ಆರು ಮಂದಿಯಲ್ಲಿ ಒಬ್ಬರಿಗೆ 2ರಿಂದ 8 ವಾರಗಳೊಳಗೆ ಇದು ಮರುಕಳಿಸುತ್ತದೆ; ಮತ್ತೆ ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ಭೇದಿಯಾದರೆ ತಡಮಾಡಬೇಡಿ.

ಪಾರ್ಶ್ವವಾಯು ಆದ ಮಾವನವರಿಗೆ ಮೂತ್ರದ ನಳಿಕೆ ಹಾಕಿ ಮನೆಗೆ ಕಳಿಸಿದ್ದಾರೆ. ಡಿಸ್ಚಾರ್ಜ್ ಕಾಗದದಲ್ಲಿ ಕ್ಲೆಬ್ಸಿಯೆಲ್ಲಾ ಎಂದೂ, ಹಲವು ಔಷಧಗಳ ಮುಂದೆ ‘ರೆಸಿಸ್ಟೆಂಟ್’ ಎಂದೂ ಇದೆ. ಚೀಲ ಖಾಲಿ ಮಾಡುವವಳೂ ನಾನೇ, ಅಡುಗೆ ಮಾಡುವವಳೂ ನಾನೇ. ಮೂತ್ರವನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಸುರಿಯುತ್ತಿದ್ದೇನೆ. ನಮಗೆಲ್ಲ ಪರೀಕ್ಷೆ ಮಾಡಿಸಬೇಕೆ? (ಸಾಗರ ತಾಲ್ಲೂಕು)

ನಿಮ್ಮ ಪತ್ರದಲ್ಲಿ ದಣಿವು ಕಾಣುತ್ತಿದೆ. ಮನೆಯ ಉಳಿದವರು ಅಡುಗೆಯನ್ನಾದರೂ ಹಂಚಿಕೊಳ್ಳಲು ಸಾಧ್ಯವೆ ನೋಡಿ. ಸಾಧ್ಯವಾಗದಿದ್ದರೆ ಕೆಲಸಗಳ ಕ್ರಮವನ್ನು ಬದಲಿಸಿ. ಅಡುಗೆ ಮುಗಿಸಿ, ಮುಚ್ಚಿಟ್ಟು, ಆಮೇಲೆ ಚೀಲದ ಕೆಲಸಕ್ಕೆ ಹೋಗಿ. ಅನ್ನಕ್ಕೆ ಇಟ್ಟು, ಅದು ಬೇಯುವಷ್ಟರಲ್ಲಿ ಚೀಲ ಖಾಲಿ ಮಾಡಿ ಬರುತ್ತೇನೆ ಎನ್ನುವ ಧಾವಂತದಲ್ಲೇ ಕೈ ತೊಳೆಯುವುದು ಅರ್ಧಕ್ಕೆ ನಿಲ್ಲುತ್ತದೆ.

ಕ್ಲೆಬ್ಸಿಯೆಲ್ಲಾ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಔಷಧಗಳಿಗೆ ಜಗ್ಗದ ತಳಿಯೊಂದು ಆಸ್ಪತ್ರೆಯಲ್ಲಿ ಒಮ್ಮೆ ಕರುಳು ಸೇರಿದರೆ ಯಾವ ಲಕ್ಷಣವನ್ನೂ ತೋರದೆ ತಿಂಗಳುಗಟ್ಟಲೆ ಇರಬಲ್ಲದು. ಅದು ಎಷ್ಟು ದೂರ ಪ್ರಯಾಣ ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶಕ್ಕೇ ಸಂಬಂಧಿಸಿದ ಒಂದು ಪ್ರಸಂಗವಿದೆ. ದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ, ಭಾರತೀಯ ಮೂಲದ ರೋಗಿಯೊಬ್ಬರ ಮೂತ್ರದಲ್ಲಿ 2008ರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾದಲ್ಲೇ, ಆಮೇಲೆ ಎನ್‌ಡಿಎಂ-1 ಎಂದು ಹೆಸರಾದ ಪ್ರತಿರೋಧದ ವಂಶವಾಹಿ ಮೊದಲು ಪತ್ತೆಯಾದದ್ದು. ಅದೇ ರೋಗಿಯ ಮಲದಲ್ಲಿದ್ದ ಬೇರೊಂದು ಬ್ಯಾಕ್ಟೀರಿಯಾದಲ್ಲೂ ಆ ವಂಶವಾಹಿ ಇತ್ತು. ಅಂದರೆ ಇವು ತಮ್ಮ ಪ್ರತಿರೋಧವನ್ನು ಅಕ್ಕಪಕ್ಕದ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ಮಲ ಮೂತ್ರ ಮುಟ್ಟಿದ ಕೈ ಬಾಯಿಗೆ ಅಥವಾ ಅನ್ನಕ್ಕೆ ತಗಲದಂತೆ ನೋಡಿಕೊಳ್ಳಬೇಕು ಎನ್ನುವುದು ಇದಕ್ಕಾಗಿಯೇ.

ಚೀಲ ಯಾವಾಗಲೂ ಅವರ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಹೊರಳಿಸುವಾಗ ಅದನ್ನು ಎತ್ತಿ ಹೊಟ್ಟೆಯ ಮೇಲೆ ಇಡುವವರಿದ್ದಾರೆ. ಹಾಗೆ ಮಾಡಿದರೆ ಚೀಲದ ಮೂತ್ರ ಹಿಂದಕ್ಕೆ ಮೂತ್ರಕೋಶಕ್ಕೆ ಹರಿಯುತ್ತದೆ. ಮುಕ್ಕಾಲು ತುಂಬುವ ಮೊದಲೇ, ಅವರಿಗೇ ಮೀಸಲಾದ ಪಾತ್ರೆಗೆ ಬಸಿದುಕೊಳ್ಳಿ. ಚೀಲದ ತೂತು ಪಾತ್ರೆಯ ಅಂಚಿಗೆ ತಾಗದಿರಲಿ. ನಳಿಕೆ ಮತ್ತು ಚೀಲ ಕೂಡುವ ಜಾಗವನ್ನು ವಿನಾಕಾರಣ ಬಿಚ್ಚಬೇಡಿ. ಗ್ಲೌಸನ್ನು ತೊಳೆದು ಒಣಗಿಸಿ ಮತ್ತೆ ಹಾಕಿಕೊಳ್ಳುವ ಉಳಿತಾಯ ಬೇಡ. ಮೂತ್ರವನ್ನು ತೆಂಗಿನ ಬುಡಕ್ಕೆ ಬದಲು ಶೌಚಾಲಯಕ್ಕೆ ಸುರಿದು ನೀರು ಹಾಕಿ. ಹಿತ್ತಲಿನಲ್ಲಿ ಮಕ್ಕಳು ಆಡುತ್ತಾರೆ, ಕೊತ್ತಂಬರಿ, ಬಸಳೆಯೂ ಅಲ್ಲೇ ಬೆಳೆಯುತ್ತದೆ.

ಮನೆಯವರಿಗೆ ಪರೀಕ್ಷೆ ಬೇಡ. ಮಾವನವರಿಗೂ ಜ್ವರ, ನಡುಕ, ಹೊಟ್ಟೆಯ ಕೆಳಭಾಗದಲ್ಲಿ ನೋವು, ಹೊಸದಾಗಿ ಮಂಕು ಕವಿಯುವುದು ಇಂತಹ ಲಕ್ಷಣ ಇಲ್ಲದಿದ್ದರೆ ಸುಮ್ಮನೆ ಮೂತ್ರದ ಕಲ್ಚರ್ ಮಾಡಿಸಬೇಡಿ. ನಳಿಕೆ ಹಾಕಿ ಕೆಲವು ವಾರ ಕಳೆದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕೇ ಸಿಗುತ್ತದೆ. ರಿಪೋರ್ಟು ನೋಡಿ ಹೆದರಿ ಔಷಧ ಕೊಟ್ಟರೆ ಇನ್ನೂ ಬಲವಾದ ತಳಿಯನ್ನು ನಾವೇ ಸಾಕಿದಂತಾಗುತ್ತದೆ. ಅದರ ಬದಲು ಪ್ರತಿ ಬಾರಿ ವೈದ್ಯರನ್ನು ಕಂಡಾಗ ಒಂದು ಪ್ರಶ್ನೆ ಕೇಳಿ: ಈ ನಳಿಕೆ ಇನ್ನೂ ಬೇಕೆ? ಆಸ್ಪತ್ರೆಯಲ್ಲಿ ಅಗತ್ಯವಿದ್ದಾಗ ಹಾಕಿದ ನಳಿಕೆ, ತೆಗೆಯಲು ಯಾರೂ ಹೇಳಲಿಲ್ಲವೆಂಬ ಒಂದೇ ಕಾರಣಕ್ಕೆ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದುಂಟು.

ಅತ್ತೆ ಮೂರು ವಾರ ಜನರಲ್ ವಾರ್ಡಿನಲ್ಲಿದ್ದರು. ಬಂದು ಒಂದು ತಿಂಗಳಾಗುವಷ್ಟರಲ್ಲಿ ಮನೆಯ ಐವರಿಗೂ ರಾತ್ರಿ ಹೊತ್ತು ವಿಪರೀತ ತುರಿಕೆ. ಒಬ್ಬೊಬ್ಬರಾಗಿ ಮುಲಾಮು ಹಚ್ಚಿದರೂ ಹೋಗುತ್ತಿಲ್ಲ. (ಉಡುಪಿ)

ಬೆರಳ ಸಂದು, ಮಣಿಕಟ್ಟು, ಸೊಂಟದ ಸುತ್ತ ತುರಿಕೆಯಿದ್ದರೆ ಇದು ತುರಿಕಜ್ಜಿ ಇರಬಹುದು. ಚರ್ಮರೋಗ ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಇದು ಬ್ಯಾಕ್ಟೀರಿಯಾ ಅಲ್ಲ, ಚರ್ಮದೊಳಗೆ ಬಿಲ ಕೊರೆಯುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಮೊದಲ ಬಾರಿ ತಗುಲಿದವರಿಗೆ ತುರಿಕೆ ಶುರುವಾಗಲು 2ರಿಂದ 6 ವಾರ ಹಿಡಿಯುತ್ತದೆ, ಅಷ್ಟರಲ್ಲಿ ಅವರು ಇತರರಿಗೆ ದಾಟಿಸಿರುತ್ತಾರೆ. ನಿಮ್ಮ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ. ಒಬ್ಬೊಬ್ಬರಾಗಿ ಹಚ್ಚಿದ್ದೇ ತಪ್ಪಾದದ್ದು. ವೈದ್ಯರು ಪರ್ಮೆತ್ರಿನ್ ಶೇಕಡಾ 5ರ ಮುಲಾಮು ಬರೆದುಕೊಟ್ಟರೆ, ತುರಿಕೆ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ರಾತ್ರಿ, ಕತ್ತಿನಿಂದ ಅಂಗಾಲಿನವರೆಗೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ಸ್ನಾನ ಮಾಡಬೇಕು. ವಾರದ ನಂತರ ಇನ್ನೊಮ್ಮೆ. ಎಳೆ ಮಕ್ಕಳಿಗೂ ಗರ್ಭಿಣಿಯರಿಗೂ ಹೇಗೆ ಎಂದು ಕೇಳಿಕೊಳ್ಳಿ. ನುಸಿ ಮೈಯಿಂದ ದೂರವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕಲಾರದು. ಆದ್ದರಿಂದ ಅದೇ ದಿನ ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ, ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟುಬಿಡಿ. ಚಿಕಿತ್ಸೆಯಾದ ಮೇಲೂ ತುರಿಕೆ 2ರಿಂದ 4 ವಾರ ಇರುತ್ತದೆ, ಅದನ್ನು ಕಂಡು ದಿನಾ ಮುಲಾಮು ಹಚ್ಚುತ್ತಾ ಹೋಗಬೇಡಿ.

ಬಳಸಿದ ಪಟ್ಟಿ, ಇನ್ಸುಲಿನ್ ಸೂಜಿ ಇವನ್ನು ಎಲ್ಲಿ ಹಾಕಬೇಕು? (ಬೆಂಗಳೂರು)

ಒಣ ಕಸದ ಚೀಲಕ್ಕೆ ಖಂಡಿತ ಬೇಡ, ಅದನ್ನು ಪೌರಕಾರ್ಮಿಕರು ಬರಿಗೈಯಲ್ಲಿ ಬಿಡಿಸುತ್ತಾರೆ. ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜು, ಗಾಯದ ಬಟ್ಟೆ ಇವುಗಳನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದೇ ಹೆಸರಿಸಿದ್ದವು. ಸೂಜಿಯನ್ನು ಚುಚ್ಚಿ ಹೊರಬರದಂತಹ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ, ಉದಾಹರಣೆಗೆ ಖಾಲಿಯಾದ ಮಾರ್ಜಕದ ಬಾಟಲಿಗೆ, ಹಾಕಿ ಮುಚ್ಚಳ ಬಿಗಿಮಾಡಿ. ತುಂಬಿದ ಮೇಲೆ ನೀವು ತೋರಿಸುವ ಆಸ್ಪತ್ರೆ ಅಥವಾ ಕ್ಲಿನಿಕ್ಕಿನಲ್ಲಿ ತೆಗೆದುಕೊಳ್ಳುತ್ತಾರೆಯೆ ಎಂದು ಕೇಳಿ. ಪಟ್ಟಿಯನ್ನು ಚೀಲದಲ್ಲಿ ಕಟ್ಟಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಸ್ಯಾನಿಟರಿ ಕಸದ ಜೊತೆಗೆ ಬೇರೆಯಾಗಿ ಕೊಡಿ.

ಹಳ್ಳಿಯಲ್ಲಿ ಆಸ್ಪತ್ರೆಯಿಂದ ಬಂದವರನ್ನು ನೋಡಲು ಊರೇ ಬರುತ್ತದೆ. ಬೇಡ ಎಂದರೆ ಬೇಸರ. ಏನು ಮಾಡುವುದು? (ಮದ್ದೂರು ತಾಲ್ಲೂಕು)

ಬೇಡ ಎನ್ನಬೇಡಿ, ಜಗುಲಿಯ ಮೇಲೆ ಕೂರಿಸಿ. ಬಂದವರಿಗೆ ರೋಗಿಯಿಂದ ಆಗುವ ಅಪಾಯಕ್ಕಿಂತ, ನೆಗಡಿ ಕೆಮ್ಮು ಹೊತ್ತು ಬರುವವರಿಂದ ರೋಗಿಗೆ ಆಗುವ ಅಪಾಯ ಬಹುಪಾಲು ಸಂದರ್ಭಗಳಲ್ಲಿ ಹೆಚ್ಚು; ಹೀಗೆ ಹೇಳಿದರೆ ಯಾರಿಗೂ ಬೇಸರವಾಗದು. ಹಾಸಿಗೆಯ ಅಂಚಿನಲ್ಲಿ ಕೂರುವುದು, ಗಾಯ ಬಿಚ್ಚಿ ತೋರಿಸುವುದು, ಬಂದವರೊಬ್ಬರು ಅರಿಸಿನವನ್ನೋ ಸೊಪ್ಪಿನ ರಸವನ್ನೋ ಹೊಲಿಗೆಯ ಮೇಲೆ ಹಚ್ಚುವುದು ಇವು ಮೂರು ಬೇಡ. ಅರಿಸಿನ ಅಡುಗೆಯಲ್ಲಿರಲಿ. ನೋಡಲು ಹೋಗಲೇಬೇಕೆನ್ನುವವರು ಆಸ್ಪತ್ರೆಗೆ ಗುಂಪಾಗಿ ಹೋಗುವುದಕ್ಕಿಂತ ಮನೆಗೆ ಬರುವುದೇ ಒಳ್ಳೆಯದು ಎಂದೂ ಹೇಳುತ್ತೇನೆ. ಕೇರಳದ ಕೋಳಿಕ್ಕೋಡಿನಲ್ಲಿ 2018ರಲ್ಲಿ ನಿಪಾ ಕಾಣಿಸಿಕೊಂಡಾಗ ಸೋಂಕಿತರಲ್ಲಿ ಬಹುಪಾಲು ಮಂದಿಗೆ ಅದು ತಗುಲಿದ್ದು ಆಸ್ಪತ್ರೆಗಳಲ್ಲಿ. ಬೇರೆ ರೋಗಿಗಳ ಜೊತೆಗೆ ಬಂದಿದ್ದವರೂ ಅವರಲ್ಲಿದ್ದರು.

ಆಸ್ಪತ್ರೆಯಲ್ಲಿ ಬರೆದುಕೊಟ್ಟ ಆಂಟಿಬಯಾಟಿಕ್ ಮಾತ್ರೆಗಳಲ್ಲಿ ಆರು ಉಳಿದಿವೆ. ಮಗನಿಗೂ ಜ್ವರ ಬಂದಿದೆ, ಅದೇ ಸೋಂಕು ಇರಬಹುದೆಂದು ಕೊಡಬಹುದೆ? (ತುಮಕೂರು)

ಕೊಡಬಾರದು. ಮಗನ ಜ್ವರ ವೈರಾಣುವಿನದ್ದಾಗಿದ್ದರೆ ಆ ಮಾತ್ರೆಗೆ ಅಲ್ಲಿ ಕೆಲಸವೇ ಇಲ್ಲ. ಅದೇ ಸೋಂಕಾಗಿದ್ದರೆ ಆರು ಮಾತ್ರೆ ಸಾಲದು. ಮಾತ್ರೆಯ ಪಟ್ಟಿಯ ಹಿಂದೆ ಕೆಂಪು ಗೆರೆ ಇದೆಯೆ ನೋಡಿ. ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದು ಎಂಬುದರ ಗುರುತು ಅದು, ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಅದರ ಬಗ್ಗೆ ಪ್ರಚಾರವನ್ನೂ ಮಾಡಿತ್ತು. ಆರು ಮಾತ್ರೆ ಏಕೆ ಉಳಿದವು ಎಂಬುದೂ ನನ್ನ ಪ್ರಶ್ನೆ. ವೈದ್ಯರು ನಿಲ್ಲಿಸಲು ಹೇಳಿದ್ದರೆ ಸರಿ, ಜ್ವರ ಇಳಿಯಿತೆಂದು ನೀವೇ ನಿಲ್ಲಿಸಿದ್ದರೆ ಅವರಿಗೆ ತಿಳಿಸಿ.

ಮುಂದೆ ಬೇರೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಹಿಂದಿನ ಸೋಂಕಿನ ವಿಷಯ ಹೇಳಬೇಕೆ? ಹೇಳಿದರೆ ಸೇರಿಸಿಕೊಳ್ಳುವುದಿಲ್ಲವೇನೋ ಎಂಬ ಭಯ. (ಕಲಬುರಗಿ)

ಹೇಳಿ, ಸೇರಿಸುವ ದಿನವೇ, ಪರೀಕ್ಷಿಸುವ ಮೊದಲ ವೈದ್ಯರಿಗೇ ಹೇಳಿ. ಕಲ್ಚರ್ ರಿಪೋರ್ಟಿನಲ್ಲಿ ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಪಟ್ಟಿ ಇರುತ್ತದೆ. ಹೊಸ ಕಲ್ಚರಿನ ಫಲಿತಾಂಶ ಬರಲು ಎರಡು ಮೂರು ದಿನ ಬೇಕು. ಹಳೆಯ ರಿಪೋರ್ಟು ಕೈಯಲ್ಲಿದ್ದರೆ ಆ ಎರಡು ಮೂರು ದಿನ ತಪ್ಪು ಔಷಧ ಕೊಟ್ಟು ಕಳೆಯುವುದು ತಪ್ಪುತ್ತದೆ. ಪಕ್ಕದ ಹಾಸಿಗೆಯವರಿಗೆ ಹರಡದಂತೆ ನೋಡಿಕೊಳ್ಳಲು ಅವರಿಗೂ ಅವಕಾಶ ಸಿಗುತ್ತದೆ. ಡಿಸ್ಚಾರ್ಜ್ ಕಾಗದದಲ್ಲಿ ಬಹಳ ಬಾರಿ ‘ಸೋಂಕು’ ಎಂದಷ್ಟೇ ಬರೆದಿರುತ್ತಾರೆ, ರೋಗಾಣುವಿನ ಹೆಸರಿರುವುದಿಲ್ಲ. ಆದ್ದರಿಂದ ಬಿಲ್ಲು ಕಟ್ಟಿ ಹೊರಡುವ ಮೊದಲೇ ಕಲ್ಚರ್ ರಿಪೋರ್ಟಿನ ಪ್ರತಿಯನ್ನು ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇಟ್ಟುಕೊಳ್ಳಿ. ಅರ್ಧರಾತ್ರಿ ಆ್ಯಂಬುಲೆನ್ಸ್ ಬಂದು ನಿಂತಾಗ ಫೈಲು ಯಾವ ಬೀರುವಿನಲ್ಲಿದೆ ಎಂದು ಯಾರಿಗೂ ನೆನಪಾಗುವುದಿಲ್ಲ.